ಭಾನುವಾರದ ಸಿಗರೇಟು

ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ಮೆಟ್ಟಿಲಿಳಿಯುವ ಅಪ್ಪಣೆ ಇರಲಿಲ್ಲ. ಮೇಲೆ ಮನೆ, ಕೆಳಗೆ ಹಾಸಿಗೆ ಅಂಗಡಿ, ಅಂಗಡಿಯ ತುಂಬ ಹಿಂಜಿದ ಹತ್ತಿ. ಒಂದು ಕಿಡಿ ಬಿದ್ದರೆ ಅಂಗಡಿಯೂ ಇಲ್ಲ, ಮನೆಯೂ ಇಲ್ಲ, ನಾವೂ ಇಲ್ಲ. ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಸಿಗರೇಟು ಹಿಡಿದು ಬಂದರೆ ಅಪ್ಪ ಬಾಗಿಲಲ್ಲೇ ತಡೆಯುತ್ತಿದ್ದ. "ಅದನ್ನ ರಸ್ತೇಲಿ ತುಳಿದು ಬನ್ನಿ ಸ್ವಾಮಿ, ಆಮೇಲೆ ಮಾತಾಡೋಣ." ಈ ಕಾನೂನು ಮಾಡಿದ್ದು ತಾತ. ಅಂಗಡಿ ಹಾಕಿದ್ದೂ ತಾತನೇ. ತಮಾಷೆಯೆಂದರೆ, ನಮ್ಮ ಬೀದಿಯಲ್ಲಿ ತಾತನಷ್ಟು ಸಿಗರೇಟು ಸೇದುವವನು ಇನ್ನೊಬ್ಬನಿರಲಿಲ್ಲ.

ಆ ಮನೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಹತ್ತಿ. ಕೆಳಗೆ ಯಂತ್ರ ಹಿಂಜುತ್ತಿದ್ದರೆ ಎಳೆಗಳು ಮೆಟ್ಟಿಲು ಹತ್ತಿ ಅಡುಗೆಮನೆಗೂ ಬರುತ್ತಿದ್ದವು. ಅಮ್ಮ ಅನ್ನದ ಪಾತ್ರೆಗೆ ಎಷ್ಟೇ ಗಟ್ಟಿಯಾಗಿ ಮುಚ್ಚಳ ಮುಚ್ಚಿದರೂ ಯಾರದಾದರೂ ತಟ್ಟೆಯಲ್ಲಿ ಒಂದೆಳೆ ಇದ್ದೇ ಇರುತ್ತಿತ್ತು. ಶಾಲೆಗೆ ಹೋದರೆ ಗೆಳತಿಯರು, "ಏನೇ, ಆಗಲೇ ತಲೆ ಬೆಳ್ಳಗಾಯ್ತಾ?" ಎಂದು ನಗುತ್ತಿದ್ದರು. ಯಂತ್ರ ನಡೆಸುತ್ತಿದ್ದ ಮುದುಕನನ್ನು ನಾವು ಮಿಷಿನ್ ಮಾವ ಎನ್ನುತ್ತಿದ್ದೆವು. ತಾತನ ಕಾಲದಿಂದ ಇದ್ದವನು, ಮಧ್ಯಾಹ್ನದ ಊಟ ನಮ್ಮ ಜೊತೆಗೇ. ತಟ್ಟೆಯಿಂದ ಹತ್ತಿಯ ಎಳೆ ತೆಗೆದು ಪಕ್ಕಕ್ಕಿಡುತ್ತ, "ಈ ಮನೇಲಿ ಉಪ್ಪು ತಿಂದಿದ್ದಕ್ಕಿಂತ ಹತ್ತಿ ತಿಂದಿದ್ದೇ ಜಾಸ್ತಿ" ಎನ್ನುತ್ತಿದ್ದ.

ನನ್ನ ತಮ್ಮನಿಗೆ ಶಾಲೆಯ ಹಾಜರಿಯಲ್ಲಿ ಒಂದು ಒಳ್ಳೆಯ ಹೆಸರೇ ಇತ್ತು. ಮನೆಯಲ್ಲಿ ಅದನ್ನು ಯಾರೂ ಬಳಸಿದ್ದು ನನಗೆ ನೆನಪಿಲ್ಲ. ಹಾಸಿಗೆ ಹೊಲಿಯುವ ದೊಡ್ಡ ಸೂಜಿಗೆ ದಬ್ಬಣ ಎನ್ನುತ್ತಾರಲ್ಲ, ಅದೇ ಅವನ ಹೆಸರಾಗಿತ್ತು. ಉದ್ದಕ್ಕೆ, ಸಣ್ಣಗೆ, ಎಲ್ಲ ಕಡೆ ತೂರಿಕೊಳ್ಳುವವನು. ತಾತನಿಗೆ ಅವನೆಂದರೆ ಪ್ರಾಣ. ಭಾನುವಾರ ಅಂಗಡಿಗೆ ರಜೆ. ಊಟವಾದ ಮೇಲೆ ತಾತ ಮಹಡಿಯ ಕಿಟಕಿಯ ಪಕ್ಕ ತನ್ನ ಹಾಸಿಗೆಯ ಮೇಲೆ ಕೂತು ಸಿಗರೇಟು ಹಚ್ಚುತ್ತಿದ್ದ. ಹೊಗೆಯಲ್ಲಿ ಉಂಗುರ ಬಿಡುತ್ತಿದ್ದ. ದಬ್ಬಣ ಆ ಉಂಗುರದೊಳಗೆ ಬೆರಳು ತೂರಿಸಿ, "ನನಗೆ ಸಿಕ್ತು! ನನಗೆ ಸಿಕ್ತು!" ಎಂದು ಕುಣಿಯುತ್ತಿದ್ದ. ಅಜ್ಜಿ ಗೋಡೆಗೊರಗಿ ಕೂತು ಗಂಡನನ್ನೂ ಮೊಮ್ಮಗನನ್ನೂ ಸರದಿಯಲ್ಲಿ ನೋಡುತ್ತ ನಗುತ್ತಿದ್ದಳು. ಆ ಮಧ್ಯಾಹ್ನಗಳಷ್ಟು ಉದ್ದದ ಮಧ್ಯಾಹ್ನಗಳನ್ನು ನಾನು ಮತ್ತೆಂದೂ ಕಂಡಿಲ್ಲ.

ತಾತ ಹೋದ ಮೇಲೆ ಅಜ್ಜಿ ಎರಡು ಹಟ ಹಿಡಿದಳು. ಒಂದು, ತಾತನ ಹಾಸಿಗೆಯನ್ನು ಬಿಚ್ಚಿ ಹಿಂಜಬಾರದು. ಎರಡು ವರ್ಷಕ್ಕೊಮ್ಮೆಯಾದರೂ ಹತ್ತಿ ಹಿಂಜಿಸದಿದ್ದರೆ ಹಾಸಿಗೆ ಕಲ್ಲಾಗುತ್ತದೆ ಎಂದು ಊರಿಗೆಲ್ಲ ಹೇಳುವವರು ನಾವು. ನಮ್ಮ ಅಜ್ಜಿ ಮಾತ್ರ ಗಂಟುಗಂಟು ಹತ್ತಿಯ ಮೇಲೆ ಮಲಗಿ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. "ಅದರಲ್ಲಿ ಅವರ ವಾಸನೆ ಇದೆ ಕಣ್ರೋ. ಹಿಂಜಿದ್ರೆ ಹೊರಟುಹೋಗುತ್ತೆ."

ಎರಡನೆಯ ಹಟ ಭಾನುವಾರದ್ದು. ಊಟವಾದ ಮೇಲೆ ಒಂದು ಸಿಗರೇಟು ಹಚ್ಚಿ, ತಾತ ಬೂದಿ ಕೊಡವುತ್ತಿದ್ದ ತಟ್ಟೆಯಲ್ಲಿ ಕಿಟಕಿಯ ಪಕ್ಕ ಇಡಬೇಕು. ಅದು ತಾನಾಗಿ ಉರಿದು ಬೂದಿಯಾಗಬೇಕು. ಅಷ್ಟು ಹೊತ್ತು ಅಜ್ಜಿ ಕಣ್ಣು ಮುಚ್ಚಿ ಹಾಸಿಗೆಯ ಮೇಲೆ ಕೂತಿರುತ್ತಿದ್ದಳು. ಸಿಗರೇಟು ಹೊತ್ತಿಕೊಳ್ಳಬೇಕಾದರೆ ಯಾರಾದರೂ ಬಾಯಲ್ಲಿಟ್ಟು ಎಳೆಯಬೇಕಷ್ಟೆ. ಅಜ್ಜಿಗೆ ಎದೆ ಸರಿಯಿರಲಿಲ್ಲ, ಮೊದಲ ಸಲ ಎಳೆದಾಗ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿಕೊಂಡಳು. ಆಮೇಲೆ ಆ ಕೆಲಸ ದಬ್ಬಣನ ಪಾಲಿಗೆ ಬಂತು. ಆಗಿನ್ನೂ ಅವನ ಧ್ವನಿ ಒಡೆದಿರಲಿಲ್ಲ.

"ಒಂದೇ ದಮ್ಮು ಕಣೋ. ಒಳಗೆ ಎಳೀಬೇಡ, ಬಾಯಲ್ಲೇ ಇಟ್ಕೊಂಡು ಬಿಟ್ಬಿಡು" ಎಂದು ಅಜ್ಜಿ ಹೇಳಿಕೊಡುತ್ತಿದ್ದಳು.

ಮೂಲೆಯಂಗಡಿಯಿಂದ ಪ್ಯಾಕು ತರುವವನೂ ಅವನೇ. "ಅಜ್ಜಿಗೆ" ಎಂದರೆ ಅಂಗಡಿಯವನು ಮಾತಿಲ್ಲದೆ ಕೊಡುತ್ತಿದ್ದ.

ಇದೆಲ್ಲ ನಮ್ಮೆಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಅಪ್ಪ ಅಲ್ಲೇ ಪೇಪರು ಓದುತ್ತಿದ್ದ, ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು, ನಾನು ದಿಂಬಿನ ಚೀಲಕ್ಕೆ ಗುಂಡಿ ಹಾಕುತ್ತಿದ್ದೆ. ನಮ್ಮ ಪಾಲಿಗೆ ಅದು ಸಿಗರೇಟೇ ಆಗಿರಲಿಲ್ಲ. ಅದು ತಾತ.

ತಾತ ಹೋಗಿ ಎರಡು ಮೂರು ವರ್ಷವಾಗಿರಬೇಕು, ಒಂದು ಹಾಸ್ಟೆಲಿನಿಂದ ಸಾಲುಸಾಲು ಹಾಸಿಗೆಗಳ ಕೆಲಸ ಬಂದಿತ್ತು. ಎಲ್ಲ ಹೊಲಿದು ಒಟ್ಟಿಯಾಗಿತ್ತು. ಗಾಡಿಗೆ ಹೇರುವ ಮುಂಚೆ ಅಪ್ಪ ಒಂದೊಂದನ್ನೂ ಕೈಯಾಡಿಸಿ ನೋಡುತ್ತಿದ್ದವನು ಗಕ್ಕನೆ ನಿಂತ. ಪಟ್ಟೆ ಬಟ್ಟೆಯ ಮೇಲೆ ಮೆಣಸಿನ ಕಾಳಿನಷ್ಟು ತೂತು. ತೂತಿನ ಅಂಚು ಕಪ್ಪಗೆ ಸುಟ್ಟಿತ್ತು. ಬೆರಳು ಹಾಕಿದರೆ ಒಳಗಿನ ಹತ್ತಿಯೂ ಒಂದಿಷ್ಟು ಕರಿಯಾಗಿತ್ತು. ಅದೇನು ಪುಣ್ಯವೋ, ಅಲ್ಲಿಗೇ ಆರಿಹೋಗಿತ್ತು.

ಅಪ್ಪನ ಮುಖ ಬಿಳುಚಿಕೊಂಡಿತು. ಸಿಟ್ಟು ಬಂದಿದ್ದು ಆಮೇಲೆ.

"ಮಿಷಿನ್ ಮಾವ, ಇಲ್ಲಿ ಬನ್ನಿ. ಇದೇನಿದು?"

ಮಾವ ಬಗ್ಗಿ ನೋಡಿದ. "ಅಯ್ಯೋ ದೇವರೇ!"

"ದೇವರು ಬಂದು ಸೇದಿಲ್ಲ. ಅಂಗಡೀಲಿ ಇರೋದು ನಾನು, ನೀವು. ನಾನು ಸೇದಲ್ಲ."

"ನಾನು ಸೇದ್ತೀನಾ ಯಜಮಾನ್ರೇ? ನಿಮ್ಮಪ್ಪ ಇಷ್ಟು ವರ್ಷ ಪಕ್ಕದಲ್ಲೇ ಇದ್ರೂ ಒಂದು ದಮ್ಮು ಎಳೆದೋನಲ್ಲ ನಾನು."

"ಹಾಗಾದ್ರೆ ಇದು ತಾನಾಗೇ ಸುಟ್ಕೊಂಡ್ತಾ? ನಮ್ಮಪ್ಪ ಏನ್ ಹೇಳಿದ್ರು ಗೊತ್ತಲ್ಲ? ಈ ಅಂಗಡಿಯೊಳಗೆ ಬೆಂಕಿ ತಂದೋನು ಹೆತ್ತ ಮಗನಾದ್ರೂ ಸರಿ, ಹೊರಗೆ."

ಮಾವ ತೋಳಿಗೆ ಅಂಟಿದ್ದ ಹತ್ತಿಯನ್ನು ನಿಧಾನಕ್ಕೆ ಬಿಡಿಸಿಕೊಂಡ. "ಹೊರಗೆ ಹೋಗು ಅಂದ್ರೆ ಹೋಗ್ತೀನಿ. ಸೇದಿದೆ ಅಂತ ಮಾತ್ರ ಒಪ್ಪಲ್ಲ" ಎಂದು ಗೂಟದಲ್ಲಿದ್ದ ಅಂಗಿಗೆ ಕೈ ಹಾಕಿದ.

ಶಾಲೆಯಿಂದ ಆಗ ತಾನೇ ಬಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದ ದಬ್ಬಣ, "ಅಪ್ಪ, ಮಾವ ಅಲ್ಲ. ನಾನು" ಎಂದ.

ಮಾವನ ಒಂದು ಕೈ ಅಂಗಿಯ ತೋಳಿನಲ್ಲೇ ಉಳಿಯಿತು. ಅಪ್ಪ ಮಗನಿಗೆ ಹೊಡೆಯುತ್ತಾನೆಂದು ಮೆಟ್ಟಿಲ ಮೇಲಿಂದ ನೋಡುತ್ತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಹೊಡೆಯಲಿಲ್ಲ. ಹಾಸಿಗೆಗಳ ಒಟ್ಟಿನ ಮೇಲೆ ಕುಸಿದು ಕೂತ.

ಆ ದಿನ ರಾತ್ರಿ ಎಲ್ಲರೂ ಊಟಕ್ಕೆ ಕೂತೆವು.

"ಎಷ್ಟು ದಿನದಿಂದ?" ಎಂದ ಅಪ್ಪ.

"ಆಯ್ತು... ಒಂದು ವರ್ಷದ ಮೇಲೆ. ನೀವೆಲ್ಲ ಮಲಗಿದ ಮೇಲೆ ಕೆಳಗಿಳಿದು ಸೇದ್ತಿದ್ದೆ."

ಅಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಒಂದು ವರ್ಷ! ಮನೇಲಿ ಇಷ್ಟು ಜನ ಇದ್ದೀವಿ, ಒಬ್ಬರ ಮೂಗಿಗೂ ಬರಲಿಲ್ವಲ್ಲ!"

"ಹೇಗೆ ಬರುತ್ತೆ?" ಎಂದೆ ನಾನು. "ಮನೆಯೆಲ್ಲ ಅದೇ ವಾಸನೆ ತಾನೇ?"

"ನೀನು ಬಾಯಿ ಮುಚ್ಚು" ಎಂದು ಅಮ್ಮ ಗದರಿದಳು. "ಯಾರೋ ಕಲಿಸಿದ್ದು ನಿನಗೆ? ಆ ಸೈಕಲ್ ಅಂಗಡಿಯವರ ಹುಡುಗ ತಾನೇ? ಅವನ ಕ್ರಾಪು ನೋಡಿದಾಗಲೇ ಅಂದ್ಕೊಂಡೆ."

"ಅವನಲ್ಲ."

"ಮತ್ಯಾರು?"

ದಬ್ಬಣ ತಟ್ಟೆಯಲ್ಲಿದ್ದ ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಕೂತ. ಅಜ್ಜಿಗೆ ಮಾತ್ರ ಮೊಮ್ಮಗನನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಿದ್ದು ಸರಿಬರಲಿಲ್ಲ.

"ಸಾಕು ಬಿಡ್ರಪ್ಪ. ವಯಸ್ಸಿನ ಹುಡುಗ, ಏನೋ ಮಾಡಿದ್ದಾನೆ. ಅವರ ತಾತ ಸೇದ್ತಿರಲಿಲ್ವಾ? ಮನೆ ಕಟ್ಟಲಿಲ್ವಾ, ಅಂಗಡಿ ನಡೆಸಲಿಲ್ವಾ?"

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿ, ನುಂಗಿಕೊಂಡು, ಎದ್ದು ನೀರು ತರಲು ಹೋದಳು.

ಮರುದಿನದಿಂದ ನಮ್ಮ ಮನೆ ಜೈಲಿನಂತಾಯಿತು. ಶಾಲೆ ಬಿಟ್ಟೊಡನೆ ದಬ್ಬಣ ನೇರ ಅಂಗಡಿಗೆ ಬರಬೇಕು, ಅಪ್ಪನ ಕಣ್ಣೆದುರು ಕೂತು ಹಾಸಿಗೆ ಹೊಲಿಯಬೇಕು. ಅಪ್ಪ ದಿನಾ ಅವನ ಜೇಬು ತಡಕುತ್ತಿದ್ದ, ಬಾಯಿ ಮೂಸುತ್ತಿದ್ದ. ಅಮ್ಮನ ದಾರಿ ಬೇರೆ. ಬಾಯಿಗೆ ಏನಾದರೂ ಹಾಕಿಕೊಂಡಿದ್ದರೆ ಚಟ ಬಿಡುತ್ತದೆಂದು ಯಾರೋ ಹೇಳಿದ್ದರಂತೆ. ಅವನ ಒಂದು ಜೇಬಿಗೆ ಸೋಂಪು, ಇನ್ನೊಂದಕ್ಕೆ ಹುರಿದ ಕಡಲೆ, ಚೀಲದಲ್ಲಿ ಹೆಚ್ಚಿದ ಗಜ್ಜರಿ. "ಇವನಿಗೆ ಸಿಗರೇಟು ಬಿಡಿಸ್ತೀರೋ, ಇವನನ್ನ ಕುದುರೆ ಮಾಡ್ತೀರೋ?" ಎಂದು ಮಾವ ನಕ್ಕ. ತನ್ನ ಮೇಲೆ ಅನುಮಾನಪಟ್ಟ ಯಜಮಾನನ ಜೊತೆ ಮಾವ ಒಂದು ವಾರ ಮಾತಾಡಲಿಲ್ಲ. ಹುಡುಗನ ಮೇಲೆ ಮಾತ್ರ ಎಳ್ಳಷ್ಟೂ ಕೋಪವಿರಲಿಲ್ಲ. ಒಪ್ಪಿಕೊಂಡನಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ.

ದಬ್ಬಣನಿಗೂ ಬಿಡುವ ಮನಸ್ಸಿತ್ತು. ಸುಟ್ಟ ತೂತು ಅವನನ್ನೂ ಹೆದರಿಸಿತ್ತು. ಆದರೆ ಮೈ ಕೇಳಬೇಕಲ್ಲ! ತಲೆನೋವು ಎನ್ನುತ್ತಿದ್ದ. ಬಾಲ ಸುಟ್ಟ ಬೆಕ್ಕಿನಂತೆ ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ನಾನು ಕತ್ತರಿ ಕೇಳಿದರೆ ಕತ್ತರಿಯನ್ನೇ ಎಸೆಯುವಂತೆ ಕೊಡುತ್ತಿದ್ದ. ಶನಿವಾರದ ಹೊತ್ತಿಗೆ ಒಂದಿಷ್ಟು ತಣ್ಣಗಾಗುತ್ತಿದ್ದ, ಊಟ ಸೇರುತ್ತಿತ್ತು. "ನೋಡಿದ್ಯಾ, ಸೋಂಪು ಕೆಲಸ ಮಾಡ್ತಿದೆ" ಎಂದು ಅಮ್ಮ ಹಿಗ್ಗುತ್ತಿದ್ದಳು. ಸೋಮವಾರ ನೋಡಿದರೆ ಮತ್ತೆ ಜೇಬಿನಲ್ಲಿ ಸಿಗರೇಟು ಸಿಗುತ್ತಿತ್ತು. ವಾರವಾರವೂ ಇದೇ ಕತೆ. "ಇವನಿಗೆ ಛಲ ಇಲ್ಲ" ಎಂದು ಅಪ್ಪ ಹಲ್ಲು ಕಡಿಯುತ್ತಿದ್ದ.

ನಡುವೆ ಭಾನುವಾರವೊಂದು ಬರುತ್ತದೆಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ವಾರವಿಡೀ ಅವನ ಜೇಬು ತಡಕಿದ ಅಪ್ಪ ಭಾನುವಾರ ಮಧ್ಯಾಹ್ನ ಪೇಪರು ಹಿಡಿದು ಕೂತಿರುತ್ತಿದ್ದ. ಅಜ್ಜಿ, "ಬಾರೋ ದಬ್ಬಣ, ಹಚ್ಚು" ಎನ್ನುತ್ತಿದ್ದಳು. ಅವನು ಹಚ್ಚುತ್ತಿದ್ದ.

ಅಮ್ಮ ಒಂದು ದಿನ ಸೋಪು ತರಲು ಮೂಲೆಯಂಗಡಿಗೆ ಹೋಗಿದ್ದಳು. ಅಂಗಡಿಯವನು ಸೋಪು ಕೊಟ್ಟು, ಸ್ವಲ್ಪ ಹಿಂಜರಿದು, "ಬೇಜಾರು ಮಾಡ್ಕೋಬೇಡಿ ಅಮ್ಮ" ಎಂದನಂತೆ. "ನಿಮ್ಮ ಮನೆ ಅಜ್ಜಿ ಇತ್ತೀಚೆಗೆ ಭಾಳ ಸೇದ್ತಿದ್ದಾರೆ. ಈ ವಯಸ್ಸಲ್ಲಿ ಎದೆಗೆ ಒಳ್ಳೇದಲ್ಲ. ಸ್ವಲ್ಪ ಹೇಳಿ."

ಅಮ್ಮ ಮೊದಲು ನಕ್ಕಳಂತೆ. ದಾರಿಯಲ್ಲಿ ಬರುತ್ತ ಬರುತ್ತ ನಗು ಇಳಿಯಿತು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅತ್ತೆಯ ಮುಂದೆ ನಿಂತಳು.

"ಅತ್ತೆ, ನಿಮ್ಮ ಒಂದು ಪ್ಯಾಕು ಎಷ್ಟು ದಿನ ಬರುತ್ತೆ?"

"ವಾರಕ್ಕೊಂದು ಹಚ್ಚೋದು. ತಿಂಗಳುಗಟ್ಟಲೆ ಬರುತ್ತೆ. ಯಾಕೆ?"

"ಅಂಗಡಿಯೋನು ನಿಮಗೆ ವಾರವಾರಾನೂ ಒಂದು ಪ್ಯಾಕು ಕೊಡ್ತಿದ್ದಾನೆ."

ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳಿಗೂ ಸಿಟ್ಟು ಬಂತು. "ಅಂದ್ರೆ ಆ ಹುಡುಗ ನನ್ನ ಹೆಸರಲ್ಲಿ ಸುಳ್ಳು ಹೇಳಿದ್ನಾ? ಬರಲಿ ಅವನು."

ಬಂದ. ಅಪ್ಪನೂ ಕೆಳಗಿನಿಂದ ಹತ್ತಿ ಬಂದ. ಅಂದು ಬೈಗುಳದ ಮಳೆಯೇ ಸುರಿಯಿತು. ದಬ್ಬಣ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅವನು ಎದುರಾಡಿದ್ದರೆ ಅಂದೇ ಎಲ್ಲ ಹೊರಬರುತ್ತಿತ್ತೇನೋ. ಎದುರಾಡಲಿಲ್ಲ.

ಆ ಭಾನುವಾರ ಊಟವಾಯಿತು. ಅಪ್ಪ ಪೇಪರು ಬಿಡಿಸಿದ. ಅಜ್ಜಿ ಸೆರಗಿನಲ್ಲಿ ತಾತನ ತಟ್ಟೆ ಒರೆಸಿ ಕಿಟಕಿಯ ಪಕ್ಕ ಇಟ್ಟಳು. ಮೊಮ್ಮಗನ ಮೇಲೆ ಅವಳ ಸಿಟ್ಟು ಎಂದೂ ಎರಡು ದಿನದ ಮೇಲೆ ಉಳಿದದ್ದಿಲ್ಲ.

"ಬಾರೋ. ಹಚ್ಚು."

ದಬ್ಬಣ ಬಾಗಿಲಲ್ಲೇ ನಿಂತಿದ್ದ. "ನನ್ನಿಂದ ಆಗಲ್ಲ ಅಜ್ಜಿ."

"ಯಾಕೋ? ಅಜ್ಜಿ ಬೈದಳು ಅಂತ ಕೋಪಾನಾ?"

"ಕೋಪ ಅಲ್ಲ. ಹಚ್ಚಿದ್ರೆ ಎಳೀಬೇಕು. ಎಳೆದ್ರೆ... ವಾರವೆಲ್ಲ ಹಲ್ಲು ಕಚ್ಕೊಂಡು ಇರ್ತೀನಿ ಅಜ್ಜಿ. ಭಾನುವಾರ ಇದನ್ನ ಬಾಯಿಗಿಡ್ತೀನಿ. ಆಮೇಲೆ ತಡ್ಕೊಳ್ಳೋಕೆ ಆಗಲ್ಲ."

ಅಪ್ಪನ ಪೇಪರು ಕೆಳಗಿಳಿಯಿತು.

"ಮೊದಲು ಶುರುವಾಗಿದ್ದೂ..." ಎಂದು ಅಮ್ಮ ಮೆಲ್ಲಗೆ ಕೇಳಿದಳು. "ಇಲ್ಲೇನಾ?"

ಅವನು ಹೌದೆಂದು ತಲೆಯಾಡಿಸಿದ. ಯಾರು ಕಲಿಸಿದ್ದೆಂದು ಅಷ್ಟು ಸಲ ಕೇಳಿದರೂ ಯಾಕೆ ಬಾಯಿ ಬಿಡಲಿಲ್ಲವೆಂದು ಆಗ ತಿಳಿಯಿತು. ಸೈಕಲ್ ಅಂಗಡಿಯ ಹುಡುಗನಿಗೆ ನಾವೆಲ್ಲ ಹಾಕಿದ ಶಾಪ ನೆನೆದು ನನಗೆ ನಾಚಿಕೆಯಾಯಿತು.

ಅಜ್ಜಿ ಯಾರನ್ನೂ ನೋಡಲಿಲ್ಲ. "ಹಾಗಾದ್ರೆ ಎಲ್ಲಾ ನನ್ನ ತಲೆ ಮೇಲೆ. ಆಯ್ತು, ನೀನು ಹಚ್ಚಬೇಡ. ನನ್ನ ಗಂಡನಿಗೆ ನಾನೇ ಹಚ್ತೀನಿ" ಎಂದು ಸಿಗರೇಟು ಹಿಡಿದು ಅಡುಗೆಮನೆಗೆ ಹೋದಳು. ಒಲೆಯ ಉರಿಗೆ ತುದಿ ಹಿಡಿದಳು. ತುದಿ ಕಪ್ಪಾಯಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಬಾಯಲ್ಲಿಟ್ಟು ಎಳೆದಳು. ಕೆಮ್ಮು ಹತ್ತಿಕೊಂಡು ಒಲೆಯ ಕಟ್ಟೆ ಹಿಡಿದು ಬಗ್ಗಿದಳು. ಅಷ್ಟರಲ್ಲಿ ವಾಸನೆ ಮನೆಯೆಲ್ಲ ಹಬ್ಬಿತ್ತು. ದಬ್ಬಣ ಎರಡೂ ಕೈಯಲ್ಲಿ ಮೂಗು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಬೀದಿಗೆ ಓಡಿದ.

ಅಮ್ಮ ಅತ್ತೆಯ ಬೆನ್ನು ನೀವಿ, ಕೈಯಿಂದ ಸಿಗರೇಟು ಕಿತ್ತು ನೀರಿಗೆ ಅದ್ದಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಗೆ ಎದುರು ಮಾತಾಡಿದವಳಲ್ಲ. ಅಂದು ಆಡಿದಳು.

"ನೀವು ಹೊಗೆಯ ಉಂಗುರ ನೆನೆಸ್ಕೊಳ್ತೀರಿ ಅತ್ತೆ. ನನಗೆ ಬೇಸಿನ್ನು ನೆನಪಾಗುತ್ತೆ. ಬೆಳಿಗ್ಗೆ ಎದ್ದರೆ ಮಾವನೋರು ಕೆಮ್ಮಿ ಉಗುಳೋಕೆ ನಾನು ಹಿಡೀತಿದ್ದ ಬೇಸಿನ್ನು."

"ಸಾಕು ಸುಮ್ನಿರು."

"ಇಷ್ಟು ದಿನ ಸುಮ್ನಿದ್ದೆ. ಊರಿಗೆಲ್ಲ ಹಾಸಿಗೆ ಮಾಡ್ಕೊಟ್ಟ ಮನುಷ್ಯ. ಕೊನೇ ವರ್ಷ ಅಡ್ಡ ಬಿದ್ರೆ ಉಸಿರು ಸಿಗ್ತಿರಲಿಲ್ಲ. ಮರದ ಕುರ್ಚಿ ಮೇಲೆ ಕೂತ್ಕೊಂಡೇ ನಿದ್ದೆ ಮಾಡಿದ್ರು. ಒಂದು ದಿನವಾದ್ರೂ ಕಾಲು ಚಾಚಿ ಮಲಗಬೇಕು ಅಂತ ನನ್ನ ಕೈ ಹಿಡ್ಕೊಂಡು ಅತ್ತಿದ್ರು. ನೀವೂ ಅಲ್ಲೇ ಇದ್ರಿ. ಅದನ್ನ ಮಕ್ಕಳಿಗೆ ಒಂದು ಸಲವಾದ್ರೂ ಹೇಳಿದ್ದೀರಾ?"

ಅಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದ. ನನಗೂ ಆ ಕುರ್ಚಿ ಗೊತ್ತಿತ್ತು, ಅದರಲ್ಲಿ ಕೂತ ತಾತನೂ ಗೊತ್ತಿದ್ದ. ಆದರೆ ತಾತ ಎಂದಾಗ ನಾವೆಲ್ಲ ಉಂಗುರ ಬಿಡುವ ತಾತನನ್ನೇ ನೆನೆಯುತ್ತಿದ್ದೆವು. ಅವನೇ ಚೆನ್ನಾಗಿದ್ದ.

ನಾಲ್ಕಾರು ದಿನ ಅಜ್ಜಿ ಸೊಸೆಯ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂತರೆ, "ಅವಳಿಗೆ ಹೇಳು, ಉಪ್ಪು ಬೇಕು" ಎಂದು ನನ್ನ ಕಡೆಗೆ ಹೇಳುತ್ತಿದ್ದಳು. ಅಮ್ಮ ನಾನು ಹೇಳುವ ಮೊದಲೇ ಉಪ್ಪು ಇಡುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜಿ ಚಹಾ ಕುಡಿದು, ಲೋಟ ಕೆಳಗಿಟ್ಟು, ನೇರ ಅಮ್ಮನಿಗೇ ಹೇಳಿದಳು.

"ಆ ಹಾಸಿಗೆ ಕೆಳಗೆ ಇಳಿಸೋಕೆ ಹೇಳಮ್ಮ. ಹಿಂಜಿಸಿಬಿಡಿ."

ಅಪ್ಪನೂ ಮಾವನೂ ಹಾಸಿಗೆ ಹೊತ್ತು ಇಳಿದರು. ಅಜ್ಜಿ ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಳು. ತಾತ ಹೋದ ಮೇಲೆ ಅವಳು ಕೆಳಗೆ ಬಂದದ್ದು ಅದೇ ಮೊದಲು. ಹೊಲಿಗೆ ಬಿಚ್ಚಲು ಅಪ್ಪ ಬ್ಲೇಡು ತೆಗೆದುಕೊಂಡ. ಹಾಸಿಗೆಯ ಅಂಚಿನಲ್ಲಿ ತಾತನದೇ ಹೊಲಿಗೆ ಇತ್ತು, ಹತ್ತಿರ ಹತ್ತಿರ, ಒಂದೇ ಅಳತೆ. ಅಪ್ಪನ ಕೈ ಏಳಲಿಲ್ಲ. ಕೊನೆಗೆ ಮಾವ ಬ್ಲೇಡು ಇಸಿದುಕೊಂಡು ಸರ್ರನೆ ಎಳೆದುಬಿಟ್ಟ.

ಹತ್ತಿ ಹಳದಿಗೆ ತಿರುಗಿತ್ತು. ಮುಷ್ಟಿ ಗಾತ್ರದ ಗಂಟುಗಳು. ಮಾವ ಯಂತ್ರಕ್ಕೆ ಮೊದಲ ಹಿಡಿ ಹಾಕಿದ. ಹಲ್ಲುಗಳು ಅದನ್ನು ಎಳೆದುಕೊಂಡು ಬಿಡಿಸಿದ್ದೇ ತಡ, ಅಂಗಡಿಯ ತುಂಬ ತಾತನ ವಾಸನೆ ಎದ್ದಿತು. ಸಿಗರೇಟು, ತಲೆಗೆ ಹಾಕುತ್ತಿದ್ದ ಎಣ್ಣೆ, ಬೇಸಿಗೆಯ ಬೆವರು, ಎಲ್ಲವೂ ಒಟ್ಟಿಗೇ. ಕಣ್ಣು ಮುಚ್ಚಿದ್ದರೆ ಪಕ್ಕದಲ್ಲೇ ನಿಂತಿದ್ದಾನೆ ಎನ್ನಬೇಕು.

"ದೊಡ್ಡ ಯಜಮಾನ್ರು ಮೆಟ್ಟಿಲಿಳಿದು ಬಂದಂಗಾಯ್ತು" ಎಂದ ಮಾವ.

ನಾವೆಲ್ಲ ಅತ್ತೆವು. ಅಪ್ಪ ಕೂಡ ಅತ್ತ, ಬಾಚಿದ ಹತ್ತಿಯಲ್ಲೇ ಮುಖ ಒರೆಸಿಕೊಂಡ, ಮುಖಕ್ಕೆಲ್ಲ ಹತ್ತಿ ಅಂಟಿ ನೋಡುವಂತಿರಲಿಲ್ಲ. ಅದನ್ನು ಕಂಡು ಅಜ್ಜಿಗೆ ಅಳುವಿನ ನಡುವೆಯೂ ನಗು ಬಂತು. ಕಣ್ಣೊರೆಸಿಕೊಂಡು, "ಬಾಗಿಲು ಪೂರ್ತಿ ತೆಗೀರಿ. ಗಾಳಿಯಾಡಲಿ" ಎಂದಳು.

ಹೊಸ ಬಟ್ಟೆಗೆ ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ಅಂಚು ಹೊಲಿದವನು ದಬ್ಬಣ. ಹೊಲಿಗೆ ಸೊಟ್ಟಗಿತ್ತು. ಅಪ್ಪ ಬಿಚ್ಚಿ ಮತ್ತೆ ಹೊಲಿಯುತ್ತೇನೆಂದರೆ ಅಜ್ಜಿ ಬಿಡಲಿಲ್ಲ. ಭಾನುವಾರದ ಸಿಗರೇಟು ಅಲ್ಲಿಗೆ ನಿಂತಿತು. ಮೊದಮೊದಲು ಊಟವಾದ ಮೇಲೆ ಏನು ಮಾಡಬೇಕೆಂದು ನಮಗೆ ಯಾರಿಗೂ ತೋಚುತ್ತಿರಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಿದ್ದಳು.

ನನ್ನ ತಮ್ಮ ಇಂದಿಗೂ ಸೇದುವುದಿಲ್ಲ. ಹೇಗೆ ಬಿಟ್ಟನೆಂದು ಕೇಳಿದರೆ ಅಪ್ಪ ತನ್ನ ಶಿಸ್ತು ಎನ್ನುತ್ತಾನೆ, ಅಮ್ಮ ಸೋಂಪು ಎನ್ನುತ್ತಾಳೆ. ಹಾಸಿಗೆ ಹಿಂಜಿಸಿದ ದಿನವೇ ಚಟವೂ ಹಾರಿಹೋಯಿತೆಂದು ನಾನೂ ಹೇಳಬಹುದು, ಕೇಳುವವರಿಗೆ ಹಿತವಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಕಷ್ಟದ ದಿನಗಳು ಬಂದದ್ದು ಆಮೇಲೆ.

ಪರೀಕ್ಷೆಯ ಕಾಲ. ಅಪ್ಪನೂ ಮಾವನೂ ಹಾಸಿಗೆ ತಲುಪಿಸಲು ಹೋಗಿದ್ದರು, ಅಮ್ಮ ತರಕಾರಿ ತರಲು ಹೋಗಿದ್ದಳು. ನಾನು ಕೆಳಗೆ ಬಟ್ಟೆ ಕತ್ತರಿಸುತ್ತಿದ್ದೆ. ಬಹಳ ದಿನ ಮುಟ್ಟದೆ ಇದ್ದ ದಬ್ಬಣ ಅಂದು ಶಾಲೆಯಿಂದ ಬಂದವನೇ ಚೀಲ ಬಿಸಾಕಿದ. ಮುಖ ಕೆಂಪಾಗಿತ್ತು. ದುಡುದುಡು ಮೇಲೆ ಹೋದ. ಒಂದು ಕ್ಷಣದಲ್ಲಿ ಕೂಗಾಟ ಕೇಳಿಸಿತು.

"ಒಂದೇ ಒಂದು ಅಜ್ಜಿ! ನಂಗೆ ಆ ಅಂಗಡಿಯೋನು ಕೊಡಲ್ಲ. ನೀನು ಬಂದು ಕೇಳಿದ್ರೆ ಕೊಡ್ತಾನೆ."

"ಇಲ್ಲಪ್ಪ."

"ಓದಿದ್ದು ಒಂದಕ್ಷರ ತಲೆಗೆ ಹೋಗ್ತಿಲ್ಲ. ಕೈ ನೋಡು, ನಡುಗ್ತಿದೆ. ಒಂದು ಸೇದಿದ್ರೆ ಸರಿಹೋಗುತ್ತೆ."

"ಇಲ್ಲ ಕಣೋ."

ನಾನು ಓಡಿ ಮೆಟ್ಟಿಲ ಬುಡಕ್ಕೆ ಬಂದೆ. ಅವನು ಮೇಲಿನಿಂದ ಇಳಿದು ಬೀದಿಗೆ ಹೊರಟಿದ್ದ. ಅಜ್ಜಿ ಅವನಿಗಿಂತ ಮುಂಚೆ ಬಂದು ಮೇಲಿನ ಮೆಟ್ಟಿಲಿನ ಮೇಲೆ ಅಡ್ಡಲಾಗಿ ಕೂತುಬಿಟ್ಟಿದ್ದಳು. ಅಷ್ಟಗಲದ ಮೆಟ್ಟಿಲಿಗೆ ಅಷ್ಟಗಲದ ಅಜ್ಜಿ. ದಾಟಬೇಕಾದರೆ ತುಳಿದೇ ದಾಟಬೇಕು.

"ಏಳು ಅಜ್ಜಿ! ಯಾರದೋ ಕೈಲಿ ಇಸ್ಕೊಂಡು ಸೇದ್ತೀನಿ."

"ಏಳಲ್ಲ."

"ಕಲಿಸಿದ್ದು ನೀನು! ನಿನಗೆ ತಾತ ಬೇಕಾಗಿತ್ತು, ಅದಕ್ಕೆ ನನ್ನ ಬಾಯಿಗೆ ಇಟ್ಟೆ. ಈಗ ಏಳಲ್ವಾ? ನಿನ್ನಂಥ ಅಜ್ಜಿ ಯಾರಿಗೂ ಬೇಡ!"

ನಾನು ಮೇಲೆ ಹೋಗಲು ಕಾಲೆತ್ತಿದೆ. ಅಜ್ಜಿ ನನಗೆ ಅಲ್ಲೇ ಇರೆಂದು ಕೈ ಮಾಡಿದಳು.

"ನಿನ್ನ ತಾತನೂ ಹೀಗೇ ಬೈದಿದ್ರು" ಎಂದಳು ಅವಳು ಹಿಂದೆ ತಿರುಗದೆ. "ನಿಮ್ಮಪ್ಪ ಆಗ ತೊಟ್ಟಿಲಲ್ಲಿತ್ತು. ಮಗುಗೆ ಹೊಗೆ ಆಗಲ್ಲ ಅಂತ ಒಂದು ಸಲ ಬಿಟ್ಟಿದ್ರು. ಯಾರಿಗೂ ಗೊತ್ತಿಲ್ಲ ಇದು. ಹಿಡಿದ ಹಟದಲ್ಲಿ ಚೆನ್ನಾಗೇ ಬಿಟ್ಟಿದ್ರು ಪಾಪ. ಆಮೇಲೆ ನಿನ್ನ ಹಾಗೇ ಕೈ ನಡುಗ್ತಿತ್ತು. ತಟ್ಟೆ ಎಸೆದ್ರು. ನಿನ್ನನ್ನ ಕಟ್ಕೊಂಡಿದ್ದೇ ತಪ್ಪಾಯ್ತು ಅಂದ್ರು. ನಂಗೆ ತಡ್ಕೊಳ್ಳೋಕೆ ಆಗಲಿಲ್ಲ ಕಣೋ. ಸಣ್ಣ ವಯಸ್ಸು ನನಗೆ. ಗಂಡ ನಗಬೇಕು, ಅಷ್ಟೇ ಗೊತ್ತಿದ್ದಿದ್ದು. ಬರಿಗಾಲಲ್ಲಿ ಅಂಗಡಿಗೆ ಓಡಿದೆ. ಪ್ಯಾಕು ತಂದು ನಾನೇ ಅವರ ಕೈಗಿಟ್ಟೆ."

ದಬ್ಬಣ ಗೋಡೆಗೆ ಒರಗಿದ್ದ.

"ನಕ್ರಾ?" ಎಂದ.

"ನಕ್ರು. ಎಷ್ಟು ಚೆನ್ನಾಗಿ ನಕ್ರು ಗೊತ್ತಾ! ಆಮೇಲೆ ಸಾಯೋವರೆಗೂ ಬಿಡೋ ಮಾತೆತ್ತಲಿಲ್ಲ." ಅಜ್ಜಿ ಮೊಣಕಾಲ ಮೇಲೆ ಸೀರೆ ಸರಿಮಾಡಿಕೊಂಡಳು. "ನೀನು ಬೈಯಿ. ಎಷ್ಟು ಬೇಕಾದ್ರೂ ಬೈಯಿ. ನಿನ್ನ ಮುಖದಲ್ಲಿ ನಗು ನೋಡೋಕೆ ನಾನು ಅಂಗಡಿಗೆ ಓಡಲ್ಲ ಈ ಸಲ."

ಅವನು ಬೈದ. ಗಂಟಲು ಕಟ್ಟುವವರೆಗೆ ಬೈದ, ಗೋಡೆಗೆ ಗುದ್ದಿದ, ಮಧ್ಯದಲ್ಲಿ ಒಂದು ಸಲ ಜೋರಾಗಿ ಅತ್ತು ಮತ್ತೆ ಬೈದ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಮೇಲೆ ನೋಡಿದರು. ಅಮ್ಮ ತರಕಾರಿ ಚೀಲ ಹಿಡಿದು ಬಂದು, ಏನೆಂದು ಕೇಳದೆ, ನನ್ನ ಪಕ್ಕ ನಿಂತಳು.

ಅಜ್ಜಿ ಏಳಲಿಲ್ಲ.